ಅಂತರಪಟ ಸರಿದ ಮೇಲೆ



ಬೆಂಗಳೂರಿನಲ್ಲಿ ಹೂಗುಚ್ಛ ಮಾಡಿಕೊಡುವ ಅಂಗಡಿಗೆ ಹೋದರೆ ಒಂದು ವಿಚಿತ್ರ ಹೂವು ಕಣ್ಣಿಗೆ ಬೀಳುತ್ತದೆ. ಉದ್ದ ದಂಟು, ತುದಿಯಲ್ಲಿ ಹಸಿರು ಕೊಕ್ಕು, ಅದರ ಮೇಲೆ ಕಿತ್ತಳೆ ಬಣ್ಣದ ಜುಟ್ಟು, ನಡುವೆ ಬಾಣದಂಥ ಒಂದು ನೀಲಿ ಎಸಳು. ಹೂವು ಅನ್ನುವುದಕ್ಕಿಂತ ಯಾವುದೋ ಜಗಳಗಂಟ ಹಕ್ಕಿ ಅನ್ನಬೇಕು. ಅಂಗಡಿಯವರೂ ಅದನ್ನು ಬರ್ಡ್ ಆಫ್ ಪ್ಯಾರಡೈಸ್ ಎಂದೇ ಕರೆಯುತ್ತಾರೆ. ಸಭೆಗಳಲ್ಲಿ ಅತಿಥಿಗಳ ಕೈಗೆ ಕೊಟ್ಟು, ಅವರು ಮೇಜಿನ ಮೇಲೆ ಮರೆತು ಹೋಗುವ ಗುಚ್ಛಗಳಲ್ಲಿ ಅದು ಇದ್ದೇ ಇರುತ್ತದೆ. ಅದರ ಶಾಸ್ತ್ರೀಯ ಹೆಸರು ಸ್ಟ್ರೆಲಿಟ್ಜಿಯಾ ರೆಜಿನೇ. ಸ್ಟ್ರೆಲಿಟ್ಜ್ ಎಂಬುದು ಜರ್ಮನಿಯ ಒಂದು ಪುಟ್ಟ ಸಂಸ್ಥಾನವಾಗಿತ್ತು. ರೆಜಿನೇ ಅಂದರೆ ರಾಣಿಯದು. ಆ ಸಂಸ್ಥಾನದಿಂದ 17ನೆಯ ವಯಸ್ಸಿನಲ್ಲಿ ಹಡಗು ಹತ್ತಿ, ಮುಖ ನೋಡದ ಗಂಡನ ಮನೆಗೆ ಹೊರಟ ಹುಡುಗಿಯ ಗುರುತು ಆ ಹೂವಿನ ಹೆಸರಿನಲ್ಲಿ ಉಳಿದಿದೆ. ನಾನು ಈ ಹೊತ್ತು ಹೇಳಹೊರಟಿರುವುದು ಅವಳ ಮದುವೆಯ ಕಥೆ.

ಅನುಕೂಲಕ್ಕೆಂದು ಆದ ಮದುವೆ ಪ್ರೀತಿಯಾಗಿ ಮಾಗುವ ಕಥೆ ಇಂಗ್ಲಿಷ್ ಕಾದಂಬರಿ ಲೋಕದಲ್ಲಿ ವರ್ಷವರ್ಷ ಬಿತ್ತಿ ಬೆಳೆಯುವ ಫಸಲು. ಸಾಲ ತೀರಿಸಬೇಕೆಂದೋ ಮನೆತನಕ್ಕೆ ವಾರಸುದಾರ ಬೇಕೆಂದೋ ಮದುವೆಯಾದ ಗಂಡ; ಬಾಯಿ ಬಿಗಿದುಕೊಂಡ ಹೆಂಡತಿ; ಮೊದಲ ನೂರು ಪುಟ ಮುನಿಸು, ಮುಂದಿನ ನೂರು ಪುಟ ಅನುಮಾನ, ಕೊನೆಗೊಂದು ಮಳೆಯ ರಾತ್ರಿ. ಜಾರ್ಜೆಟ್ ಹೇಯರ್ ಎಂಬ ಲೇಖಕಿ 1934ರಲ್ಲಿ ‘ದಿ ಕನ್ವೀನಿಯೆಂಟ್ ಮ್ಯಾರೇಜ್’ ಎಂದೇ ಹೆಸರಿಟ್ಟು ಒಂದು ಕಾದಂಬರಿ ಬರೆದರು. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಕ್ವೀನ್ ಷಾರ್ಲೆಟ್’ ಸರಣಿಯನ್ನು ನಿಮ್ಮ ಮನೆಯ ಮಕ್ಕಳು ಮೊಮ್ಮಕ್ಕಳು ನೋಡಿರಬಹುದು. ಅದರ ನಾಯಕಿಯೇ ನಮ್ಮ ಹೂವಿನ ರಾಣಿ. ಇದು ಇತಿಹಾಸದ ಪಾಠವಲ್ಲ ಎಂದು ಆ ಸರಣಿ ಮೊದಲೇ ಹೇಳಿ ಕೈತೊಳೆದುಕೊಳ್ಳುತ್ತದೆ. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ.

ನಮ್ಮವರಿಗೆ ಇಂಥ ಕಥೆಯಲ್ಲಿ ಬೆರಗೇನಿದೆ? ನಮ್ಮ ಅಜ್ಜಿ ತಾತನ ಮುಖ ಮೊದಲು ಕಂಡದ್ದು ಅಂತರಪಟ ಸರಿದಾಗಲೇ. ತಲೆಯ ಮೇಲೆ ಜೀರಿಗೆ ಬೆಲ್ಲ ಬಿದ್ದಾಗ ಬೆಲ್ಲದ ಚೂರು ಕಣ್ಣಿಗೆ ತಗುಲಿ, ಆ ಮುಖವೂ ಸರಿಯಾಗಿ ಕಾಣಲಿಲ್ಲವಂತೆ. ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ನಾನು ಜಾಣತನ ತೋರಿಸಲು ಹೋಗಿ ಕೇಳಿದ್ದೆ: “ಅಜ್ಜಿ, ತಾತನ ಮೇಲೆ ನಿಂಗೆ ಪ್ರೀತಿ ಹುಟ್ಟಿದ್ದು ಯಾವಾಗ?” ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರದಿಂದ ತಲೆಯೆತ್ತದೆ ಹೇಳಿದಳು: “ತಾರೀಕು ಬರೆದಿಟ್ಕೊಳ್ಳೋಕೆ ಅದೇನು ಹಾಲಿನ ಲೆಕ್ಕವೇನೋ?”

ಆದರೆ ಷಾರ್ಲೆಟ್ ರಾಣಿಯ ವಿಷಯದಲ್ಲಿ ತಾರೀಕುಗಳಿಗೇನೂ ಬರವಿಲ್ಲ. ಅರಮನೆಯವರು ಕೆಮ್ಮಿದರೂ ಯಾರೋ ಒಬ್ಬರು ಬರೆದಿಡುತ್ತಿದ್ದ ಕಾಲ ಅದು.

1760ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಎರಡನೆಯ ಜಾರ್ಜ್ ತೀರಿಕೊಂಡ. ಮೊಮ್ಮಗ ಮೂರನೆಯ ಜಾರ್ಜ್ 22ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ. ನಮ್ಮಲ್ಲಿ ಹೈದರಾಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ್ದೂ ಅದೇ ವರ್ಷವೆಂದು ಹೇಳುತ್ತಾರೆ. ಹುಡುಗ ದೊರೆಗೆ ಅಷ್ಟರಲ್ಲಾಗಲೇ ಮನಸ್ಸು ಒಂದು ಕಡೆ ನೆಟ್ಟಿತ್ತು. ಲೇಡಿ ಸಾರಾ ಲೆನಾಕ್ಸ್ ಎಂಬ ಶ್ರೀಮಂತ ಮನೆತನದ ಚೆಲುವೆ. ದೊರೆ ಕುದುರೆಯೇರಿ ಹೋಗುವ ಹಾದಿಯಲ್ಲಿ ಅವಳು ಹಳ್ಳಿಯ ಹುಡುಗಿಯಂತೆ ಸಿಂಗರಿಸಿಕೊಂಡು ಹುಲ್ಲು ಒಣಗಿಸುತ್ತ ನಿಲ್ಲುತ್ತಿದ್ದಳೆಂದು ಆ ಕಾಲದ ಹರಟೆಮಲ್ಲ ಹೊರೇಸ್ ವಾಲ್‌ಪೋಲ್ ಹೇಳುತ್ತಾನೆ. ದೊರೆಗೆ ಗುರುವಿನಂತಿದ್ದ ಲಾರ್ಡ್ ಬ್ಯೂಟ್ ಈ ಸಂಬಂಧ ಕೂಡದು ಎಂದ. ಪ್ರಜೆಯ ಮನೆಯಿಂದ ಹೆಣ್ಣು ತಂದರೆ ಅವಳ ಕಡೆಯವರೆಲ್ಲ ಆಸ್ಥಾನಕ್ಕೆ ನುಗ್ಗುತ್ತಾರೆ, ಸಾರಾಳ ಭಾವನೋ ರಾಜಕಾರಣದಲ್ಲಿ ಪಳಗಿದ ಕೈ. ದೊರೆ ಒಪ್ಪಿದ. ಒಂದು ಪ್ರೀತಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಹೆಣ್ಣು ಹುಡುಕಿ ಎಂದ.

ಹುಡುಕಾಟ ನಮ್ಮ ಮದುವೆ ದಲ್ಲಾಳಿಗಳ ಕೆಲಸಕ್ಕಿಂತ ಏನೂ ಬೇರೆಯಾಗಿರಲಿಲ್ಲ. 1701ರ ಕಾನೂನಿನ ಪ್ರಕಾರ ಕ್ಯಾಥೊಲಿಕ್ ಹೆಣ್ಣನ್ನು ತಂದರೆ ಆಗ ಸಿಂಹಾಸನವೇ ಹೋಗುತ್ತಿತ್ತು. ಹಾಗಾಗಿ ಜರ್ಮನಿಯ ಪ್ರಾಟೆಸ್ಟೆಂಟ್ ರಾಜಕುಮಾರಿಯರ ಪಟ್ಟಿ ತಯಾರಾಯಿತು. ಒಬ್ಬಳು ಸಿಡುಕಿ ಎಂದು ಹೊಡೆದುಹಾಕಿದರು, ಇನ್ನೊಬ್ಬಳ ತಾಯಿಯ ಮೇಲೆ ಗುಸುಗುಸು ಎಂದು ಬಿಟ್ಟರು. ಕೊನೆಗೆ ಉಳಿದದ್ದು ಮೆಕ್ಲೆನ್‌ಬರ್ಗ್-ಸ್ಟ್ರೆಲಿಟ್ಜ್ ಸಂಸ್ಥಾನದ ಷಾರ್ಲೆಟ್. ಸಂಸ್ಥಾನ ಚಿಕ್ಕದು, ಯಾರ ಲೆಕ್ಕದಲ್ಲೂ ಇಲ್ಲದ್ದು. ಅದೇ ಅವಳ ದೊಡ್ಡ ಅರ್ಹತೆಯಾಯಿತು, ಬೀಗರ ಕಾಟವಿರುವುದಿಲ್ಲವಲ್ಲ! ಹುಡುಗಿ ರೂಪವತಿಯಲ್ಲವೆಂದು ಸುದ್ದಿ ಬಂತು. ಇಂಗ್ಲಿಷಿನ ಒಂದು ಅಕ್ಷರವೂ ಬಾರದು. ಸಂಗೀತ ಗೊತ್ತು, ಓದು ಇಷ್ಟ, ರಾಜಕೀಯದ ಗಾಳಿ ಸೋಕಿಲ್ಲ. ಸಾಕು ಎಂದರು. 1761ರ ಜುಲೈ 8ರಂದು ದೊರೆ ತನ್ನ ಮಂತ್ರಾಲೋಚನಾ ಸಭೆ ಕರೆದು ಮದುವೆಯ ಸುದ್ದಿ ಹೇಳಿದ. ಮಾತುಕತೆ ನಡೆಯುತ್ತಿರುವಾಗಲೇ ಅಲ್ಲಿ ಹುಡುಗಿಯ ತಾಯಿ ತೀರಿಕೊಂಡಿದ್ದಳು. ಸೂತಕದ ಮನೆಯಿಂದ ದಿಬ್ಬಣ ಹೊರಟಿತು.

ಕುಕ್ಸ್‌ಹಾವೆನ್ ಬಂದರಿನಿಂದ ಹೊರಟ ಹಡಗಿಗೆ ಬಿರುಗಾಳಿ. ಕರೆತರಲು ಹೋಗಿದ್ದ ಹಿರಿಯ ಹೆಂಗಸರೆಲ್ಲ ವಾಂತಿ ಮಾಡುತ್ತ ಮಲಗಿದ್ದರೆ, ಮದುವಣಗಿತ್ತಿ ಹಾರ್ಪ್ಸಿಕಾರ್ಡ್ ವಾದ್ಯದ ಮುಂದೆ ಕುಳಿತು ಇಂಗ್ಲಿಷರ ರಾಷ್ಟ್ರಗೀತೆಯನ್ನು ಅಭ್ಯಾಸ ಮಾಡುತ್ತಿದ್ದಳಂತೆ. ಭಾಷೆ ಬಾರದಿದ್ದರೇನು, ರಾಗವಾದರೂ ಬರಲಿ ಎಂದುಕೊಂಡಿರಬೇಕು. ಸೆಪ್ಟೆಂಬರ್ 8ರ ಮಧ್ಯಾಹ್ನ ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ತೋಟದ ಬಾಗಿಲಿನಲ್ಲಿ ಗಾಡಿ ನಿಂತಿತು. ಇಳಿದವಳೇ ದೊರೆಯ ಕಾಲಿಗೆರಗಲು ಬಾಗಿದಳು, ಅವನು ಹಿಡಿದೆತ್ತಿದ. ಅದು ಮೊದಲ ಭೇಟಿ. ಅದೇ ರಾತ್ರಿ ಒಂಬತ್ತು ಗಂಟೆಗೆ ಮದುವೆ. ಟಿವಿ ಸರಣಿಯಲ್ಲಿ ಅವಳು ಮದುವೆ ತಪ್ಪಿಸಿಕೊಳ್ಳಲು ತೋಟದ ಗೋಡೆ ಹತ್ತುತ್ತಾಳೆ. ನಿಜವಾದ ಷಾರ್ಲೆಟ್‌ಗೆ ಗೋಡೆ ಹತ್ತುವಷ್ಟು ಪುರುಸೊತ್ತು ಎಲ್ಲಿತ್ತು? ಗಾಡಿ ಇಳಿಯುವುದಕ್ಕೂ ಮಂಟಪಕ್ಕೂ ನಡುವೆ ಇದ್ದದ್ದು ಬಟ್ಟೆಯ ಅಳತೆ ಸರಿಮಾಡುವಷ್ಟು ಹೊತ್ತು. ಆ ಅಳತೆಯೂ ಸರಿಹೋಗಲಿಲ್ಲ. ಮೇಲುಹೊದಿಕೆ ಎಷ್ಟು ಭಾರವಾಗಿತ್ತೆಂದರೆ ಉಡುಪನ್ನೇ ಕೆಳಗೆ ಜಗ್ಗುತ್ತಿತ್ತು ಎಂದು ವಾಲ್‌ಪೋಲ್ ಚಾಡಿ ಬರೆದಿದ್ದಾನೆ. ಇಕ್ಕಟ್ಟು ಇನ್ನೊಂದೂ ಇತ್ತು. ಹಿಂದೆ ನಿಂತ ಹತ್ತು ಮಂದಿ ಮದುವಣಗಿತ್ತಿಯ ಸಖಿಯರಲ್ಲಿ ಲೇಡಿ ಸಾರಾ ಲೆನಾಕ್ಸ್ ಒಬ್ಬಳು! ದೊರೆಯ ಕಣ್ಣು ಎತ್ತ ಹೊರಳುತ್ತದೆಂದು ಇಡೀ ಆಸ್ಥಾನ ಕಣ್ಣರಳಿಸಿ ನೋಡುತ್ತಿದ್ದಿರಬೇಕು.

ಊಟ ತಡವಾಯಿತು. ಮದುಮಗಳು ಬೇಸರಿಸದೆ ಹಾರ್ಪ್ಸಿಕಾರ್ಡ್ ನುಡಿಸಿದಳು, ಹಾಡಿದಳು. ದೊರೆಗೆ ಜರ್ಮನ್ ಬರುತ್ತಿತ್ತು, ಆ ಭಾಷೆಯಲ್ಲಿಯೇ ಮಾತು. ಅವನಿಗೂ ಕೊಳಲು, ಹಾರ್ಪ್ಸಿಕಾರ್ಡ್ ಎರಡೂ ಗೊತ್ತು.

ನನಗೆ ಈ ಕಥೆಯಲ್ಲಿ ಮುಖ್ಯವೆನಿಸುವುದು ಇಲ್ಲಿಂದ ಮುಂದಿನ ಬೇಸರದ ವರ್ಷಗಳು. ಕಾದಂಬರಿಕಾರರಿಗೆ ಇಲ್ಲೇನೂ ಸಿಗುವುದಿಲ್ಲ. ಜಗಳವಿಲ್ಲ, ಓಡಿಹೋಗುವುದಿಲ್ಲ, ಮುಖವಾಡದ ಕುಣಿತದಲ್ಲಿ ಗುರುತು ತಪ್ಪುವುದಿಲ್ಲ. ರಾಜ್ಯದ ವಿಷಯದಲ್ಲಿ ಬಾಯಿ ಹಾಕಬಾರದು ಎಂದು ಗಂಡ ಮೊದಲೇ ಹೇಳಿಬಿಟ್ಟಿದ್ದ. ಅತ್ತೆ ಆಗಸ್ಟಾ ಬಿಗಿ ಹೆಂಗಸು. ಸೊಸೆ ಯಾರ ಜೊತೆ ಮಾತಾಡಬೇಕು, ಯಾರ ಜೊತೆ ಕೂಡದು ಎಂಬುದರ ಮೇಲೂ ಕಾವಲು. ಅತ್ತೆಮನೆ ಎಲ್ಲಿದ್ದರೂ ಅತ್ತೆಮನೆಯೇ. ಈ ಇಕ್ಕಟ್ಟಿನಲ್ಲಿ ಗಂಡಹೆಂಡಿರು ಒಬ್ಬರಿಗೊಬ್ಬರು ಜೊತೆಯಾದದ್ದು ಮೂರು ವಿಷಯಗಳಿಂದ. ಸಂಗೀತ, ಗಿಡಗಳು, ಮತ್ತು ಸದ್ದುಗದ್ದಲವಿಲ್ಲದ ಸಂಜೆಗಳ ಮೇಲಿನ ಆಸೆ.

ದೊರೆ ಹೆಂಡತಿಗೆಂದು ಒಂದು ಮನೆ ಕೊಂಡ. ಆಸ್ಥಾನದ ಕಣ್ಣಿನಿಂದ ಸ್ವಲ್ಪ ದೂರ, ಸಂಸಾರ ಮಾಡಲಿಕ್ಕೆ. ಬಕಿಂಗ್‌ಹ್ಯಾಮ್ ಹೌಸ್ ಎಂದು ಅದರ ಹೆಸರು, ಜನ ರಾಣಿಯ ಮನೆ ಎಂದು ಕರೆದರು. ಇವತ್ತಿನ ಬಕಿಂಗ್‌ಹ್ಯಾಮ್ ಅರಮನೆ ಅದೇ. ಅವರ 15 ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿದ್ದು ಆ ಮನೆಯಲ್ಲಿ. ಹೆಸರಾಂತ ಸಂಗೀತಗಾರ ಬಾಕ್‌ನ ಮಗ ಯೊಹಾನ್ ಕ್ರಿಸ್ಟಿಯನ್ ಬಾಕ್ ರಾಣಿಯ ಸಂಗೀತದ ಮೇಷ್ಟ್ರು. 1764ರಲ್ಲಿ ಎಂಟು ವರ್ಷದ ಒಬ್ಬ ಹುಡುಗ ಬಂದು ದಂಪತಿಗಳ ಮುಂದೆ ಕುಳಿತು ನುಡಿಸಿದ, ರಾಣಿ ಹಾಡಿದರೆ ಸಾಥ್ ಕೊಟ್ಟ. ಮೊಜಾರ್ಟ್ ಅಂತ ಅವನ ಹೆಸರು. ಮರುವರ್ಷ ಅಚ್ಚಾದ ಆರು ಸೊನಾಟಾಗಳನ್ನು ರಾಣಿಗೆ ಅರ್ಪಿಸಿದ್ದಾನೆ.

ಗಿಡಗಳ ಹುಚ್ಚು ಇಬ್ಬರಿಗೂ ಒಂದೇ ಸಮ. ದೊರೆಯನ್ನು ಜನ ರೈತ ಜಾರ್ಜ್ ಎಂದು ಗೇಲಿ ಮಾಡುವಷ್ಟು ಅವನಿಗೆ ಹೊಲ, ಗೊಬ್ಬರ, ಕುರಿಗಳ ಚಿಂತೆ. ರಾಣಿ ಲಂಡನ್ನಿನ ಬಳಿಯ ಕ್ಯೂ ಎಂಬ ತೋಟದಲ್ಲಿ ಸಸ್ಯಶಾಸ್ತ್ರವನ್ನು ಪಾಠದಂತೆ ಕಲಿತಳು. ಕ್ಯೂ ತೋಟದಿಂದ ಫ್ರಾನ್ಸಿಸ್ ಮ್ಯಾಸನ್ ಎಂಬವನನ್ನು ದಕ್ಷಿಣ ಆಫ್ರಿಕಾದ ಕೇಪ್‌ಗೆ ಗಿಡ ತರಲು ಕಳಿಸಿದ್ದರು. ಅಲ್ಲಿಂದ 1773ರಲ್ಲಿ ಬಂದದ್ದು ನಾನು ಮೊದಲು ಹೇಳಿದ ಜಗಳಗಂಟ ಹಕ್ಕಿಹೂವು. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅದಕ್ಕೆ ರಾಣಿಯ ತವರಿನ ಹೆಸರಿಟ್ಟ. ತವರು ಬಿಟ್ಟು ಬಂದು ಮತ್ತೆಂದೂ ಅಲ್ಲಿಗೆ ಹೋಗದ ಹೆಣ್ಣಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇದ್ದೀತೆ? ಆಮೇಲೆ ನೂರಕ್ಕೂ ಹೆಚ್ಚು ವರ್ಷ ಕಳೆದು ನಮ್ಮ ಲಾಲ್‌ಬಾಗಿನ ಮೇಲ್ವಿಚಾರಕನಾಗಿ ಬಂದ ಕ್ರುಂಬಿಗಲ್ ಕೂಡ ಜರ್ಮನಿಯಲ್ಲಿ ಹುಟ್ಟಿ ಕ್ಯೂ ತೋಟದಲ್ಲಿ ಕೆಲಸ ಮಾಡಿದವನೇ. ಮಾತು ಎತ್ತಲೋ ಹೋಯಿತು, ಕ್ಷಮಿಸಿ. ತೋಟದ ವಿಷಯ ಬಂದರೆ ನನಗೆ ಹಾಗಾಗುತ್ತದೆ.

ಇವರ ನಡುವೆ ಬೆಳೆದದ್ದು ಪ್ರೀತಿಯೇ ಎಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ನನ್ನ ಬಳಿ ಎರಡು ಸಾಕ್ಷಿಗಳಿವೆ. ಒಂದು, ಆಗದೆ ಹೋದ ಸಂಗತಿ. ಮುತ್ತಾತನಿಗೆ, ತಾತನಿಗೆ ಉಪಪತ್ನಿಯರಿದ್ದ ಮನೆತನ ಅದು. ಆಸ್ಥಾನದಲ್ಲಿ ಅದೊಂದು ಹುದ್ದೆಯೇ ಆಗಿಹೋಗಿತ್ತು. ಮೂರನೆಯ ಜಾರ್ಜ್ ಆ ಹುದ್ದೆಯನ್ನು ಖಾಲಿ ಬಿಟ್ಟ. ಎರಡನೆಯದು ಒಂದು ಕಾಗದ. 1778ರಲ್ಲಿ ಫ್ರಾನ್ಸ್ ಜೊತೆ ಯುದ್ಧದ ಮೋಡ ಕವಿದಾಗ ದೊರೆ ನೌಕಾಪಡೆ ನೋಡಲು ಹೋಗಿದ್ದ. ರಾಣಿ ಕಾಗದ ಬರೆದು, ಕೆಳಗೆ ಸಹಿ ಹಾಕುವಲ್ಲಿ ತನ್ನನ್ನು ಅವನ ಸ್ನೇಹಿತೆ ಎಂದು ಮೊದಲು ಕರೆದುಕೊಂಡು, ಹೆಂಡತಿ ಎಂಬುದನ್ನು ಆಮೇಲೆ ಸೇರಿಸಿದ್ದಾಳೆ. ಪ್ರಜೆಗಳಿಗೆ ನೀವು ಎಷ್ಟೇ ಪ್ರಿಯರಾದರೂ ನನ್ನ ಪ್ರೀತಿಗೆ ಅದು ಸಮನಾಗದು ಎಂಬ ಅರ್ಥದ ಮಾತೂ ಅಲ್ಲಿದೆ. ಮದುವೆಯಾಗಿ ಆಗ 16 ವರ್ಷ. 12 ಮಕ್ಕಳಾಗಿದ್ದವು. ಹೊಸ ಮದುಮಗಳ ಕಾಗದವಲ್ಲ ಅದು. ಸ್ನೇಹಿತೆ ಎಂಬ ಆ ಪದಕ್ಕಾಗಿ ನಾನು ಹತ್ತು ಕಾದಂಬರಿ ಬಿಟ್ಟುಕೊಡುತ್ತೇನೆ.

ಅನುಕೂಲದ ಮದುವೆಗಳೆಲ್ಲ ಹೀಗೆ ಮಾಗುತ್ತವೆಂದು ಮಾತ್ರ ತಿಳಿಯಬೇಡಿ. ಇವರ ಹಿರಿಯ ಮಗನೇ ಅದಕ್ಕೆ ನಿದರ್ಶನ. ಮೇರಿಯಾ ಫಿಟ್ಸ್‌ಹರ್ಬರ್ಟ್ ಎಂಬ ವಿಧವೆಯನ್ನು 1785ರಲ್ಲಿ ಗುಟ್ಟಾಗಿ ಮದುವೆಯಾಗಿದ್ದ. ದೊರೆಯ ಒಪ್ಪಿಗೆಯಿಲ್ಲದ್ದರಿಂದ ಕಾನೂನಿನ ಮುಂದೆ ಅದು ಮದುವೆಯೇ ಅಲ್ಲ. ಮೈತುಂಬ ಸಾಲ ಮಾಡಿಕೊಂಡು, ಅದು ತೀರಲಿ ಎಂದು 1795ರಲ್ಲಿ ಬ್ರನ್ಸ್‌ವಿಕ್‌ನ ಕ್ಯಾರೊಲಿನ್ ಎಂಬ ಜರ್ಮನ್ ರಾಜಕುಮಾರಿಗೆ ಕೊರಳೊಡ್ಡಿದ. ಅದೇ ಸೇಂಟ್ ಜೇಮ್ಸ್ ಅರಮನೆ, ಅದೇ ಪ್ರಾರ್ಥನಾಮಂದಿರ, ಅದೇ ರೀತಿ ಮುಖ ನೋಡದ ಹೆಣ್ಣು. ಅಪ್ಪ ಮೊದಲ ಭೇಟಿಯಲ್ಲಿ ಹೆಣ್ಣನ್ನು ಹಿಡಿದೆತ್ತಿದ್ದ. ಮಗ ಮುಖ ನೋಡಿದವನೇ ಹಿಂದಕ್ಕೆ ತಿರುಗಿ ಒಂದು ಲೋಟ ಬ್ರಾಂದಿ ತಾ ಎಂದ. ಒಂದು ಮಗುವಾದ ಮೇಲೆ ಅವರು ಜೊತೆಗೆ ಬಾಳಲಿಲ್ಲ. 1821ರಲ್ಲಿ ಅವನ ಪಟ್ಟಾಭಿಷೇಕದ ದಿನ ಹೆಂಡತಿಯನ್ನು ಬಾಗಿಲಿನಿಂದಲೇ ಹೊರಗಟ್ಟಿದರು, ಮೂರು ವಾರದೊಳಗೆ ಅವಳು ಸತ್ತಳು.

ಇನ್ನು ಅಪ್ಪನ ಕಡೆಯ ಒಂದು ತಪ್ಪನ್ನೂ ಹೇಳಬೇಕು. ತಮ್ಮಂದಿರು ಮನಸ್ಸಿಗೆ ಬಂದವರನ್ನು ಕಟ್ಟಿಕೊಂಡರೆಂಬ ಸಿಟ್ಟಿಗೆ 1772ರಲ್ಲಿ ರಾಜಮನೆತನದ ಮದುವೆಗಳಿಗೆ ತನ್ನ ಒಪ್ಪಿಗೆ ಬೇಕೆಂದು ಕಾನೂನು ಮಾಡಿಸಿದವನು ಇದೇ ಮೂರನೆಯ ಜಾರ್ಜ್. ಆರು ಹೆಣ್ಣುಮಕ್ಕಳಲ್ಲಿ ಮೂವರಿಗೆ ಮದುವೆಯೇ ಆಗಲಿಲ್ಲ. ಎಲಿಜಬೆತ್‌ಗೆ ಆದದ್ದು 47ನೆಯ ವಯಸ್ಸಿನಲ್ಲಿ. ತಮಗೆ ದಕ್ಕಿದ್ದು ಮಕ್ಕಳಿಗೂ ದಕ್ಕಬೇಕೆಂಬ ಆತುರ ಈ ತಂದೆತಾಯಿಗೆ ಇರಲಿಲ್ಲ. ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳುವ ಆಸೆಯಿತ್ತು.

ಈಗ 1788ಕ್ಕೆ ಬರೋಣ. ಮದುವೆಯಾಗಿ 27 ವರ್ಷ. ಆ ವರ್ಷದ ಕೊನೆಯಲ್ಲಿ ದೊರೆಗೆ ಬುದ್ಧಿ ಕಲಕಿತು. ಗಂಟೆಗಟ್ಟಲೆ ನಿಲ್ಲದೆ ಮಾತು, ಬಾಯಲ್ಲಿ ನೊರೆ, ನಿದ್ದೆಯಿಲ್ಲ. ಅದು ಏನು ರೋಗವೆಂದು ವೈದ್ಯರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ರಾಣಿಯ ಸೇವೆಯಲ್ಲಿದ್ದ ಕಾದಂಬರಿಗಾರ್ತಿ ಫ್ಯಾನಿ ಬರ್ನಿ ದಿನಚರಿ ಬರೆಯುತ್ತಿದ್ದಳು. ಅದರಲ್ಲಿ ನವೆಂಬರಿನ ಒಂದು ರಾತ್ರಿಯ ವಿವರವಿದೆ. ಗಂಡನ ಸ್ಥಿತಿ ನೋಡಿ ರಾಣಿಯನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ನಡುರಾತ್ರಿ ದೊರೆ ಎದ್ದ. ಮೋಂಬತ್ತಿ ಹಿಡಿದು ಅವಳ ಕೋಣೆಗೆ ಬಂದ. ಮಂಚದ ಪರದೆ ಸರಿಸಿದ. ದೀಪವನ್ನು ಮುಖದ ಹತ್ತಿರ ಹಿಡಿದು ನೋಡುತ್ತ ನಿಂತ. ಅವಳನ್ನು ಎಲ್ಲಿಗೋ ಸಾಗಿಸಿಬಿಟ್ಟಿದ್ದಾರೆಂಬ ಅನುಮಾನ ಅವನಿಗೆ. ಅಲ್ಲೇ ಇದ್ದಾಳೆಂದು ಖಾತ್ರಿ ಮಾಡಿಕೊಳ್ಳಲು ಬಂದಿದ್ದ. ಅರ್ಧ ಗಂಟೆ ಅಲ್ಲಿಯೇ ಇದ್ದ. ಪರದೆಯೊಳಗಿನ ಹೆಂಗಸು ಆ ಅರ್ಧ ಗಂಟೆ ಭಯದಿಂದ ನಡುಗುತ್ತಿದ್ದಳು.

ಈ ದೃಶ್ಯವನ್ನು ಪ್ರೀತಿ ಎಂದು ಓದಬೇಕೋ ಭೀತಿ ಎಂದು ಓದಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಅವನ ಕಡೆಯಿಂದ ಒಂದು, ಅವಳ ಕಡೆಯಿಂದ ಇನ್ನೊಂದು ಎಂದು ಈಗೀಗ ಅನ್ನಿಸುತ್ತದೆ. ಹುಚ್ಚಿನ ಭರದಲ್ಲಿ ಅದೇ ದೊರೆ ಲೇಡಿ ಪೆಂಬ್ರೋಕ್ ಎಂಬ ಹಿರಿಯ ಹೆಂಗಸೇ ತನ್ನ ನಿಜವಾದ ರಾಣಿ ಎಂದು ಕೂಗಾಡಿದ್ದೂ ಉಂಟು. ಷಾರ್ಲೆಟ್ ಅದನ್ನೂ ಕೇಳಿಸಿಕೊಂಡಳು. ಅವನನ್ನು ಕ್ಯೂಗೆ ಸಾಗಿಸಿದರು. ಫ್ರಾನ್ಸಿಸ್ ವಿಲ್ಲಿಸ್ ಎಂಬ ವೈದ್ಯ ಬಂದು, ಕೈಕಟ್ಟುವ ಅಂಗಿ ತೊಡಿಸಿ ಕೂಡಿಹಾಕಿದ. ಹಿರಿಯ ಮಗ ಅಧಿಕಾರಕ್ಕೆ ಹೊಂಚುಹಾಕಿದ. ಆ ಕೆಲವೇ ತಿಂಗಳಲ್ಲಿ ರಾಣಿಯ ತಲೆಗೂದಲು ಬೆಳ್ಳಗಾಯಿತು. 1789ರ ಫೆಬ್ರವರಿಯ ಹೊತ್ತಿಗೆ ದೊರೆ ಚೇತರಿಸಿಕೊಂಡ, ಏಪ್ರಿಲ್ 23ರಂದು ಸೇಂಟ್ ಪಾಲ್ಸ್‌ನಲ್ಲಿ ದೇವರಿಗೆ ಕೃತಜ್ಞತೆಯ ಪೂಜೆ ನಡೆಯಿತು.

ಹತ್ತು ವರ್ಷದ ನಂತರ ಈ ಮನೆಗೆ ನಮ್ಮ ನಾಡಿನಿಂದ ಒಂದು ವಸ್ತು ಹೋಗಿ ಸೇರಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅವನ ಚಿನ್ನದ ಸಿಂಹಾಸನವನ್ನು ಒಡೆದು ತುಂಡು ಮಾಡಿ ಹಂಚಿಕೊಂಡರು. ಛತ್ರಿಯ ತುದಿಯಲ್ಲಿ ಕುಳಿತಿದ್ದ ಹುಮಾ ಪಕ್ಷಿ ಇಡಿಯಾಗಿ ಉಳಿಯಿತು. ಚಿನ್ನದ ಮೈ, ಮಾಣಿಕ್ಯ, ಪಚ್ಚೆ, ವಜ್ರದ ಕೆತ್ತನೆ, ಕೊಕ್ಕಿನಲ್ಲಿ ತೂಗುವ ಮಣಿ. ಹುಮಾದ ನೆರಳು ಬಿದ್ದ ತಲೆಗೆ ಕಿರೀಟ ತಪ್ಪದು ಎಂಬುದು ಪರ್ಷಿಯನ್ನರ ನಂಬಿಕೆ. ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ದೊರೆಗೆಂದು ಕಳಿಸಿದ, ದೊರೆ ಷಾರ್ಲೆಟ್‌ಗೆ ಕೊಟ್ಟ. ಯಾರದೋ ಮನೆ ಮುರಿದು ತಂದದ್ದನ್ನು ಹೆಂಡತಿಗೆ ಪ್ರೀತಿಯಿಂದ ಕೊಡುವುದು ದೊರೆಗಳ ದಾಂಪತ್ಯದ ಒಂದು ರೀತಿ. ನಾವು ಶ್ರೀರಂಗಪಟ್ಟಣದ ಕಡೆಯವರು ಈ ಉಡುಗೊರೆಯನ್ನು ಮೆಚ್ಚಿ ತಲೆದೂಗಲಾರೆವು.

ಹುಮಾ ಬಂದರೂ ಮನೆಯ ಮೇಲಿನ ನೆರಳು ಬದಲಾಗಲಿಲ್ಲ. 1801ರಲ್ಲಿ ಮತ್ತೆ ರೋಗ, 1804ರಲ್ಲಿ ಮತ್ತೆ. ಆಮೇಲೆ ರಾಣಿ ಗಂಡನ ಜೊತೆ ಒಬ್ಬಳೇ ಇರುವುದನ್ನೇ ಬಿಟ್ಟಳು, ಬೇರೆ ಕೋಣೆಯಲ್ಲಿ ಮಲಗಿದಳು. ಅವಳ ಮಾತೂ ಒರಟಾಯಿತು, ಹೆಣ್ಣುಮಕ್ಕಳು ಅಮ್ಮನಿಗೆ ಹೆದರುವಂತಾಯಿತು. ಪ್ರೀತಿ ಹೋಯಿತೆಂದು ಸುಲಭವಾಗಿ ಹೇಳಬಹುದು. ಮನೆಯಲ್ಲಿ ಹೀಗೆ ಬುದ್ಧಿ ಕಲಕಿದವರನ್ನು ನೋಡಿಕೊಂಡವರು ಹಾಗೆ ಹೇಳಲಾರರು. 1811ರಲ್ಲಿ ಮಗನಿಗೆ ರಾಜ್ಯದ ಅಧಿಕಾರ ವಹಿಸಿದಾಗ, ದೊರೆಯ ದೇಹದ ಹೊಣೆಯನ್ನು ಪಾರ್ಲಿಮೆಂಟು ಕೊಟ್ಟದ್ದು ಷಾರ್ಲೆಟ್‌ಗೆ. ಅವಳು ಅದನ್ನು ಸಾಯುವವರೆಗೂ ಬಿಡಲಿಲ್ಲ. ಅವನು ವಿಂಡ್ಸರ್ ಕೋಟೆಯ ಕೋಣೆಗಳಲ್ಲಿ ಕುರುಡನಾಗಿ, ಕಿವುಡನಾಗಿ, ಉದ್ದ ಗಡ್ಡ ಬಿಟ್ಟುಕೊಂಡು ತಿರುಗುತ್ತಿದ್ದ. ಕಿವಿ ಕೇಳದಿದ್ದರೂ ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದ.

1818ರ ನವೆಂಬರ್ 17ರಂದು, ಕ್ಯೂ ತೋಟದ ಮನೆಯಲ್ಲಿ, ಹಿರಿಯ ಮಗನ ಕೈ ಹಿಡಿದುಕೊಂಡು ಷಾರ್ಲೆಟ್ ಪ್ರಾಣ ಬಿಟ್ಟಳು. ಮದುವೆಯಾಗಿ 57 ವರ್ಷ ಕಳೆದಿತ್ತು. ಹೆಂಡತಿ ಸತ್ತದ್ದು ದೊರೆಗೆ ಗೊತ್ತಾಗಲೇ ಇಲ್ಲ. 1820ರ ಜನವರಿ 29ರಂದು ಅವನೂ ಹೋದ. ಇಬ್ಬರನ್ನೂ ವಿಂಡ್ಸರ್ ಕೋಟೆಯೊಳಗಿನ ಸೇಂಟ್ ಜಾರ್ಜ್ ಪ್ರಾರ್ಥನಾಮಂದಿರದ ನೆಲಮಾಳಿಗೆಯಲ್ಲಿ ಇಟ್ಟಿದ್ದಾರೆ. ಶ್ರೀರಂಗಪಟ್ಟಣದ ಹುಮಾ ಇರುವುದೂ ಅದೇ ಕೋಟೆಯಲ್ಲಿ, ರಾಜಮನೆತನದ ಸಂಗ್ರಹದ ಒಂದು ಗಾಜಿನ ಪೆಟ್ಟಿಗೆಯಲ್ಲಿ. ಇನ್ನೊಂದು ಹಕ್ಕಿಯನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಮುಂದಿನ ಸಲ ಯಾವುದಾದರೂ ಸಮಾರಂಭದಲ್ಲಿ ನಿಮ್ಮ ಕೈಗೆ ಹೂಗುಚ್ಛ ಬಂದರೆ, ಅದನ್ನು ದಯವಿಟ್ಟು ಮೇಜಿನ ಮೇಲೆ ಬಿಟ್ಟು ಬರಬೇಡಿ.